ಹೊಲ ಒತ್ತೆ ಇಡುವ ಮೊದಲು

ತಮ್ಮಾ, ದುಬೈನ ವೆಲ್ಡಿಂಗ್ ಕೆಲಸಕ್ಕೆ ಏಜೆಂಟ್ ಒಂದೂವರೆ ಲಕ್ಷ ಕೇಳಿದ್ದಾನೆ, ಅಪ್ಪ ನರಗುಂದದ ಉಳ್ಳಾಗಡ್ಡಿ ಹೊಲ ಒತ್ತೆ ಇಡಲು ಹೊರಟಿದ್ದಾರೆ ಎಂದು ಬರೆದಿದ್ದೀಯ. ತಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ಅವನ ಲೈಸೆನ್ಸ್ ನಂಬರು ಇಸಿದುಕೊಂಡು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹುಡುಕು. ‘ಸದ್ಯಕ್ಕೆ ವಿಸಿಟ್ ವೀಸಾ, ಆಮೇಲೆ ಬದಲಿಸೋಣ’ ಎಂದನೋ, ಚಹಾ ಕುಡಿಸಿ ಕಳಿಸು. ಆ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ.

ಎಸ್ಸೆಸ್ಸೆಲ್ಸಿ ಪಾಸಾಗಿಲ್ಲದ್ದರಿಂದ ನಿನ್ನದು ಇಸಿಆರ್ ಪಾಸ್‌ಪೋರ್ಟ್. ಅಂಥವರು ಕೊಲ್ಲಿಗೆ ದುಡಿಯಲು ಹೋಗಬೇಕಾದರೆ ವಲಸೆ ಅನುಮತಿ ಬೇಕೇ ಬೇಕು. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ: ಎರಡು ವರ್ಷಕ್ಕೆ ಪ್ರೀಮಿಯಂ 275 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ. (ಈ ಸಾಲನ್ನು ಅವ್ವನ ಮುಂದೆ ಓದಬೇಡ.) ಕೆಲಸದ ಕರಾರುಪತ್ರದ ಒಂದು ಝೆರಾಕ್ಸ್ ಮಾತ್ರ ಅವ್ವನ ಟ್ರಂಕಿನಲ್ಲೇ ಇರಲಿ.