ಬಿಳಿ ವೈನಿಗೆ ಯಾವ ಸಿಗಾರ್, ಡಾಕ್ಟರೇ?

ಪ್ರಶ್ನೆ: ನನಗೆ 46 ವರ್ಷ. ಸಿಗರೇಟು ಬಿಟ್ಟು ಒಂಬತ್ತು ವರ್ಷವಾಯಿತು. ಹೋದ ವರ್ಷ ಭಾವಮೈದ ವಿದೇಶದಿಂದ ಬರುವಾಗ ಒಂದು ಡಬ್ಬಿ ಸಿಗಾರ್ ತಂದುಕೊಟ್ಟ. ಅಂದಿನಿಂದ ಶನಿವಾರ ರಾತ್ರಿ ಟೆರೇಸಿನ ಮೇಲೆ ಒಂದು ಸಿಗಾರ್, ಜೊತೆಗೆ ನಂದಿಬೆಟ್ಟದ ಕಡೆಯ ಬಿಳಿ ವೈನ್ ಎರಡು ಗ್ಲಾಸು. ವಿಸ್ಕಿ ಮುಟ್ಟುವುದಿಲ್ಲ. ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದೂ ಇಲ್ಲ, ಬಾಯಲ್ಲಿ ಆಡಿಸಿ ಬಿಟ್ಟುಬಿಡುತ್ತೇನೆ. ಸಿಗರೇಟಿಗಿಂತ ಇದು ವಾಸಿ ತಾನೇ? ಯಾವ ಬಿಳಿ ವೈನಿಗೆ ಯಾವ ಸಿಗಾರ್ ಹೊಂದುತ್ತದೆ ಅನ್ನುವುದನ್ನೂ ಹೇಳಿದರೆ ಸಂತೋಷ. (ತಮಾಷೆಗೆ ಕೇಳುತ್ತಿದ್ದೇನೆ, ಬೈಯಬೇಡಿ.)
– ಹೆಸರು ಬೇಡ, ಬೆಂಗಳೂರು

ಉತ್ತರ: ತಮಾಷೆಯ ಪ್ರಶ್ನೆಯನ್ನೇ ಮೊದಲು ಮುಗಿಸೋಣ. ರುಚಿ ಬಲ್ಲವರ ಪ್ರಕಾರ, ತೆಳು ಬಣ್ಣದ ಕನೆಕ್ಟಿಕಟ್ ಎಲೆ ಸುತ್ತಿದ ಸೌಮ್ಯ ಸಿಗಾರಿಗೆ ಓಕ್ ಪೀಪಾಯಿಯಲ್ಲಿ ಮಾಗಿದ ಶಾರ್ಡೊನೆ ಹೊಂದುತ್ತದೆ. ಕಟುವಾದುದಕ್ಕೆ ಫ್ರಾನ್ಸಿನ ಸೋಟರ್ನ್‌ನಂಥ ಸಿಹಿ ವೈನ್ ಬೇಕಂತೆ. ಹುಳಿ ಮುಂದಾದ ಸೊವಿನ್ಯೋ ಬ್ಲಾಂಕ್ ಹೊಗೆಯೆದುರು ಸೋಲುತ್ತದೆ. ಇದು ಬರೀ ಶೋಕಿಯ ಮಾತಲ್ಲ, ಇದರ ಹಿಂದೆ ರಸಾಯನಶಾಸ್ತ್ರವಿದೆ. ಬಿಳಿ ವೈನ್ ಆಮ್ಲೀಯ, ಅದರ ಪಿಎಚ್ ಮೂರರ ಆಸುಪಾಸು. ಸಿಗಾರ್ ಹೊಗೆ ಅದಕ್ಕೆ ತದ್ವಿರುದ್ಧ, ಕ್ಷಾರೀಯ. ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ ಇರುವುದು ಈ ಕ್ಷಾರದಲ್ಲೇ.

ಸಿಗರೇಟಿನ ಹೊಗೆ ತುಸು ಆಮ್ಲೀಯವಾದ್ದರಿಂದ ಅದರ ನಿಕೋಟಿನ್ ಬಾಯಿಯ ಒಳಪದರವನ್ನು ಸುಲಭಕ್ಕೆ ದಾಟುವುದಿಲ್ಲ. ಅದಕ್ಕೇ ಸಿಗರೇಟು ಸೇದುವವರು ಶ್ವಾಸಕೋಶದವರೆಗೆ ಎಳೆಯಬೇಕು. ಸಿಗಾರಿನ ಎಲೆ ಹದಗೊಂಡು ಹುದುಗಿದ ತಂಬಾಕು. ಅದರ ಕ್ಷಾರೀಯ ಹೊಗೆಯಲ್ಲಿರುವ ನಿಕೋಟಿನ್ ಕೆನ್ನೆ, ನಾಲಿಗೆಯಡಿಯಿಂದಲೇ ರಕ್ತಕ್ಕೆ ಇಳಿಯುತ್ತದೆ. ನಿಮ್ಮ ಅಜ್ಜಿಗೆ ಈ ಗುಟ್ಟು ಗೊತ್ತಿದ್ದೀತು. ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ದವಡೆಗೆ ಒತ್ತರಿಸುವುದು ಸುಮ್ಮನೆ ಅಲ್ಲ. ಸುಣ್ಣ ಕ್ಷಾರ, ಅದು ಬಿದ್ದರೇನೇ ಸೊಪ್ಪು ಏರುವುದು. ಸಿಗಾರಿನಲ್ಲಿ ಸುಣ್ಣವಿಲ್ಲದೆಯೇ ಸುಣ್ಣದ ಕೆಲಸ ಆಗುತ್ತದೆ. ಅಂದರೆ ‘ಎಳೆದುಕೊಳ್ಳುವುದಿಲ್ಲ’ ಅನ್ನುವ ನಿಮ್ಮ ಸಮಾಧಾನ, ‘ಹೊಗೆಸೊಪ್ಪನ್ನು ನುಂಗುವುದಿಲ್ಲ, ದವಡೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಷ್ಟೆ’ ಅನ್ನುವುದಕ್ಕೆ ಸಮ.

ಪ್ರಮಾಣವನ್ನೂ ನೋಡಿ. ಒಂದು ಸಿಗರೇಟಿನಲ್ಲಿ ಒಂದು ಗ್ರಾಮಿಗೂ ಕಡಿಮೆ ತಂಬಾಕು. ದೊಡ್ಡ ಸಿಗಾರ್ ಒಂದರಲ್ಲಿ ಇಡೀ ಪ್ಯಾಕ್ ಸಿಗರೇಟಿನಷ್ಟು ಇರಬಹುದು. ಅದನ್ನು ನೀವು ಒಂದು, ಒಂದೂವರೆ ಗಂಟೆ ಬಾಯಲ್ಲಿ ಇಟ್ಟುಕೊಂಡಿರುತ್ತೀರಿ. ಶ್ವಾಸಕೋಶಕ್ಕೆ ಹೋಗುವುದು ಕಡಿಮೆ, ಒಪ್ಪಿದೆ. ತುಟಿ, ನಾಲಿಗೆ, ಗಂಟಲಿಗೆ ರಿಯಾಯಿತಿ ಇಲ್ಲ. ಮೇಲಾಗಿ, ಹಿಂದೆ ಸಿಗರೇಟು ಸೇದಿದವರು ಸಿಗಾರನ್ನೂ ತಿಳಿಯದೆಯೇ ಒಳಗೆ ಎಳೆಯುತ್ತಾರೆ. ಎದೆಗೆ ಅಭ್ಯಾಸ ಮರೆತಿರುವುದಿಲ್ಲ.

ಇನ್ನು ವೈನು. ಬಿಳಿಯದು, ತೆಳುವಾದುದು, ಹಣ್ಣಿನದು ಅಂತ ಹಗುರಾಗಿ ತೆಗೆದುಕೊಳ್ಳಬೇಡಿ. ಶೇಕಡ 12ರ ವೈನ್ 150 ಮಿ.ಲೀ. ಅಂದರೆ ಸುಮಾರು 14 ಗ್ರಾಂ ಮದ್ಯಸಾರ. ಯಕೃತ್ತಿಗೆ ದ್ರಾಕ್ಷಿಯ ಬಣ್ಣ ಕಾಣುವುದಿಲ್ಲ. ಮದ್ಯಸಾರವನ್ನು ಬಾಯಿಯ ಸೂಕ್ಷ್ಮಜೀವಿಗಳು ಅಲ್ಲಿಯೇ ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತವೆ. ಇದು ಕ್ಯಾನ್ಸರ್‌ಕಾರಕ. ತಂಬಾಕಿನ ಹೊಗೆಯಲ್ಲೂ ಅದೇ ಇದೆ. ಜೊತೆಗೆ ಮದ್ಯಸಾರ ಒಳ್ಳೆಯ ದ್ರಾವಕ. ಹೊಗೆಯ ವಿಷಗಳು ಒಳಪದರದೊಳಗೆ ಇಳಿಯಲು ದಾರಿ ಮಾಡಿಕೊಡುತ್ತದೆ. ಹೀಗಾಗಿ ಎರಡರ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. 1988ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ ಎರಡು ಪ್ಯಾಕ್ ಅಥವಾ ಅದಕ್ಕೂ ಹೆಚ್ಚು ಸಿಗರೇಟು ಸೇದಿ, ನಾಲ್ಕಕ್ಕಿಂತ ಹೆಚ್ಚು ಪೆಗ್ ಕುಡಿಯುವವರಲ್ಲಿ ಬಾಯಿ-ಗಂಟಲ ಕ್ಯಾನ್ಸರಿನ ಸಂಭವ 35 ಪಟ್ಟಿಗೂ ಮೇಲಿತ್ತು. ನೀವು ಆ ಲೆಕ್ಕದವರಲ್ಲ, ಹೆದರಿಸಲು ಹೇಳುತ್ತಿಲ್ಲ. ವಾರಕ್ಕೊಂದು ಸಿಗಾರನ್ನು ದಿನಕ್ಕೆ ಎರಡು ಪ್ಯಾಕ್ ಸಿಗರೇಟಿನ ಜೊತೆ ತೂಗಲಾಗದು. ಆದರೆ ಗುಣಾಕಾರದ ಸೂತ್ರ ಮಾತ್ರ ಇಬ್ಬರಿಗೂ ಒಂದೇ.

ಮನೋವಿಜ್ಞಾನಿ ಫ್ರಾಯ್ಡ್ ಸಿಗಾರನ್ನು ಬಿಟ್ಟಿರಲಾರದವನು. 1923ರಲ್ಲಿ ಬಾಯಲ್ಲಿ ಕ್ಯಾನ್ಸರ್ ಕಾಣಿಸಿತು. 1939ರಲ್ಲಿ ಸಾಯುವವರೆಗೆ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಆಯಿತು, ಅಂಗುಳಿನ ಜಾಗದಲ್ಲಿ ಕೃತಕ ತಟ್ಟೆ ಬಂತು. ಸಿಗಾರ್ ಮಾತ್ರ ಹೋಗಲಿಲ್ಲ. ಮನಸ್ಸನ್ನು ಬಗೆದು ನೋಡಿದವನ ಗತಿಯೇ ಹೀಗಿದ್ದರೆ ನನ್ನ ಒಂದು ಅಂಕಣಕ್ಕೆ ನೀವು ಬಗ್ಗುತ್ತೀರೆಂಬ ಭ್ರಮೆ ನನಗಿಲ್ಲ!

ಒಂದು ಕುತರ್ಕವನ್ನು ಮೊದಲೇ ಕತ್ತರಿಸುತ್ತೇನೆ. ನಿಕೋಟಿನ್ ಚೂಯಿಂಗ್ ಗಮ್ ಜಗಿಯುವವರಿಗೆ ಕಾಫಿ, ಕೋಲಾ ಬೇಡ ಅನ್ನುತ್ತೇವೆ, ಹುಳಿ ಇದ್ದರೆ ನಿಕೋಟಿನ್ ಹೀರಿಕೆ ತಗ್ಗುತ್ತದೆ. ಹಾಗಾದರೆ ಹುಳಿ ವೈನ್ ನನ್ನನ್ನು ಕಾಪಾಡೀತೇ? ಇಲ್ಲ. ಜೊಲ್ಲು ಆ ಹುಳಿಯನ್ನು ಬೇಗ ತೊಳೆದುಹಾಕುತ್ತದೆ, ಸಿಗಾರ್ ಇನ್ನೂ ಅರ್ಧ ಉರಿದಿರುತ್ತದೆ. ಟಾರಿಗಂತೂ ಹುಳಿಯ ಲೆಕ್ಕವೇ ಇಲ್ಲ.

ನನ್ನ ಸಲಹೆ: ಡಬ್ಬಿಯಲ್ಲಿ ಉಳಿದದ್ದನ್ನು ಭಾವಮೈದನಿಗೇ ಹಿಂತಿರುಗಿಸಿ. (ಅವನಿಗೂ ಈ ಪುಟ ಓದಿಸಿ.) ಒಂಬತ್ತು ವರ್ಷ ಕಷ್ಟಪಟ್ಟು ಮಲಗಿಸಿದ ನಿಕೋಟಿನ್ ಚಟವನ್ನು ಶನಿವಾರ ಶನಿವಾರ ತಟ್ಟಿ ಎಬ್ಬಿಸುತ್ತಿದ್ದೀರಿ, ನನಗೆ ಹೆಚ್ಚು ಭಯ ಅದರದ್ದೇ. ವೈನ್ ಆರೋಗ್ಯಕ್ಕೆ ಒಳ್ಳೆಯದೆಂದು ಯಾರೂ ಕುಡಿಯಬೇಕಿಲ್ಲ. ಕುಡಿಯುವುದೇ ಆದರೆ ಊಟದ ಜೊತೆ, ಒಂದಕ್ಕೆ ನಿಲ್ಲಿಸಿ. ಕುಡಿದ ತಕ್ಷಣ ಹಲ್ಲುಜ್ಜಬೇಡಿ. ಹುಳಿಗೆ ಎನಾಮಲ್ ಮೆತ್ತಗಾಗಿರುತ್ತದೆ. ನೀರು ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಪ್ರಶ್ನೆ: ನನಗೆ 34, ಚಿಕ್ಕಂದಿನಿಂದ ಆಸ್ತಮಾ. ಪಾರ್ಟಿಯಲ್ಲಿ ಬಿಳಿ ವೈನ್ ಕುಡಿದರೆ ಎದೆಯಲ್ಲಿ ಸಿಳ್ಳೆ ಬರುತ್ತದೆ, ಬಿಯರಿಗೆ ಬರುವುದಿಲ್ಲ. ಅಲರ್ಜಿಯೇ?
– ಓದುಗಿ, ಮೈಸೂರು

ಉತ್ತರ: ವೈನ್ ಕೆಡದಂತೆ ಸೇರಿಸುವ ಸಲ್ಫೈಟ್ ಕೆಲವು ಆಸ್ತಮಾ ರೋಗಿಗಳಿಗೆ ಆಗುವುದಿಲ್ಲ. ಸಾಮಾನ್ಯವಾಗಿ ಕೆಂಪಿಗಿಂತ ಬಿಳಿಯದರಲ್ಲಿ ಅದು ಹೆಚ್ಚು. ಒಣಗಿಸಿದ ಏಪ್ರಿಕಾಟ್ ತಿಂದಾಗಲೂ ಹೀಗೆ ಆಗುತ್ತದೆಯೇ, ಗಮನಿಸಿ. ಆದರೆ ಪಾರ್ಟಿಯಲ್ಲಿ ಪಕ್ಕದವರು ಸಿಗಾರ್ ಹಚ್ಚಿದ್ದರೇ ಅನ್ನುವುದನ್ನು ನೀವು ಬರೆದಿಲ್ಲ. ಹಚ್ಚಿದ್ದರೆ ಮೊದಲ ಅನುಮಾನ ಹೊಗೆಯ ಮೇಲೆ. ಎದ್ದು ಬೇರೆ ಕಡೆ ಕೂರಲು ಸಂಕೋಚ ಬೇಡ. ಇನ್ಹೇಲರ್ ಮನೆಯ ಡ್ರಾಯರಿನಲ್ಲಿ ಅಲ್ಲ, ಪರ್ಸಿನಲ್ಲಿರಲಿ.

ಪ್ರಶ್ನೆ: ತಂದೆಗೆ 68. ಬಹಳ ವರ್ಷ ಚುಟ್ಟ ಸೇದಿದ್ದಾರೆ, ರಾತ್ರಿ ಕುಡಿತವೂ ಇದೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಉಜ್ಜಿದರೆ ಹೋಗುವುದಿಲ್ಲ. ನೋವಿಲ್ಲ. ನೋವಾದರೆ ತೋರಿಸೋಣ ಅನ್ನುತ್ತಾರೆ.
– ಓದುಗ, ಹುಬ್ಬಳ್ಳಿ

ಉತ್ತರ: ನೋವಿಗೆ ಕಾಯಬೇಡಿ, ಈ ವಾರವೇ ಕರೆದೊಯ್ಯಿರಿ. ಇದು ಲ್ಯೂಕೋಪ್ಲಾಕಿಯಾ ಇರಬಹುದು. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಆದರೆ ಯಾವುದು ಆಗುತ್ತದೆಂದು ಕಣ್ಣಿನಿಂದ ಹೇಳಲಾಗದು, ಚೂರು ತೆಗೆದು ಬಯಾಪ್ಸಿ ಮಾಡಬೇಕು. ಮೊದಮೊದಲು ಬಾಯಿಯ ಕ್ಯಾನ್ಸರ್ ನೋಯುವುದಿಲ್ಲ. ಕಿವಿ-ಮೂಗು-ಗಂಟಲು ತಜ್ಞರು ಅಥವಾ ದಂತವೈದ್ಯರು, ಯಾರಾದರೂ ಸರಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕತ್ತಿನಲ್ಲಿ ಗಂಟು, ಬಾಯಿ ಪೂರ್ತಿ ತೆರೆಯಲಾಗದಿರುವುದು ಇದ್ದರೆ ಅದನ್ನೂ ಹೇಳಿ. ಸೆಟ್ಟಿನ ಹಲ್ಲು ಹಾಕಿಕೊಳ್ಳುತ್ತಿದ್ದರೆ ಅದನ್ನು ಜೊತೆಗೆ ಒಯ್ಯಲು ಮರೆಯಬೇಡಿ, ಅಂಚು ತಗುಲುತ್ತಿದೆಯೇ ಎಂದು ನೋಡಬೇಕಾಗುತ್ತದೆ.