ತೋಟದ ಮನೆಯಲ್ಲಿ ನೀರು ತಡವಾಗಿ ಕಾಯುವುದೇಕೆ?



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಅನೇಕ ಕುಟುಂಬಗಳು ತೋಟದಲ್ಲಿಯೇ ಮನೆ ಮಾಡಿಕೊಂಡಿವೆ. ಕೆಲವು ಮನೆಗಳಿಗೆ ಮೀಟರ್ ಇರುವಲ್ಲಿಂದ ಬಹುದೂರ ತಂತಿ ಎಳೆದಿರುತ್ತಾರೆ. ಅಲ್ಲಿ ನೀರು ಕಾಯಿಸುವ ಕಾಯಿಲ್ ಹಾಕಿದರೆ ನೀರು ಬೇಗ ಕಾಯುವುದಿಲ್ಲ. ಕಾಯಿಲ್ ಕೆಟ್ಟಿದೆಯೇ? ಲೆಕ್ಕ ಮಾಡಿ ನೋಡೋಣ.

ವಿದ್ಯುತ್ತನ್ನು ತಂತಿಯಲ್ಲಿ ಹರಿಸುವುದು ವಿಭವಾಂತರ. ಇದನ್ನು ವೋಲ್ಟ್‌ಗಳಲ್ಲಿ ಅಳೆಯುತ್ತೇವೆ. ಹರಿಯುವ ವಿದ್ಯುತ್ ಪ್ರವಾಹದ ಅಳತೆ ಆಂಪೇರ್. ಈ ಹರಿವಿಗೆ ಒದಗುವ ತಡೆಯೇ ರೋಧ. ಅದರ ಅಳತೆ ಓಮ್. ಇವುಗಳ ಸಂಬಂಧವನ್ನು ಜರ್ಮನಿಯ ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದನು. ಒಂದು ಸೆಕೆಂಡಿನಲ್ಲಿ ಎಷ್ಟು ಶಕ್ತಿ ಬಳಕೆಯಾಗುತ್ತದೆ ಎಂಬುದೇ ಸಾಮರ್ಥ್ಯ; ಅದರ ಅಳತೆ ವ್ಯಾಟ್.

ರೋಧ = ವಿಭವಾಂತರ ÷ ಪ್ರವಾಹ
ಸಾಮರ್ಥ್ಯ = ವಿಭವಾಂತರ × ಪ್ರವಾಹ

ಕಾಯಿಲ್ ಮೇಲೆ '230 ವೋಲ್ಟ್, 1000 ವ್ಯಾಟ್' ಎಂದು ಬರೆದಿದೆ ಎನ್ನೋಣ.

ಪ್ರವಾಹ = 1000 ÷ 230 = ಸುಮಾರು 4.35 ಆಂಪೇರ್
ರೋಧ = 230 ÷ 4.35 = ಸುಮಾರು 52.9 ಓಮ್

ಈಗ ಅದೇ ಕಾಯಿಲನ್ನು ತೋಟದ ಮನೆಯಲ್ಲಿ ಹಾಕಿದ್ದೇವೆ. ಅಲ್ಲಿ ಸಿಗುತ್ತಿರುವುದು 184 ವೋಲ್ಟ್ ಮಾತ್ರ. ಕಾಯಿಲಿನ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಪ್ರವಾಹ = 184 ÷ 52.9 = ಸುಮಾರು 3.48 ಆಂಪೇರ್
ಸಾಮರ್ಥ್ಯ = 184 × 3.48 = ಸುಮಾರು 640 ವ್ಯಾಟ್

ನೋಡಿದಿರಾ? ವೋಲ್ಟ್ ಐದರಲ್ಲಿ ಒಂದು ಪಾಲು ಇಳಿಯಿತು. ಸಾಮರ್ಥ್ಯ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಇಳಿಯಿತು. ವೋಲ್ಟ್ ಇಳಿದಾಗ ಪ್ರವಾಹವೂ ಇಳಿಯುವುದೇ ಇದಕ್ಕೆ ಕಾರಣ. 20 ನಿಮಿಷದಲ್ಲಿ ಕಾಯುವ ನೀರಿಗೆ ಈಗ ಸುಮಾರು 31 ನಿಮಿಷ ಬೇಕು. ಕಾಯಿಲ್ ಕೆಟ್ಟಿಲ್ಲ!

ಹಾಗಾದರೆ ಉಳಿದ 46 ವೋಲ್ಟ್ ಎಲ್ಲಿ ಹೋಯಿತು? ಮೀಟರ್ ಬಳಿ 230 ವೋಲ್ಟ್ ಇದ್ದರೆ, ಅದು ಉದ್ದನೆಯ ತಂತಿಯಲ್ಲಿ ಕಳೆದುಹೋಗಿದೆ. ತಂತಿಗೂ ರೋಧವಿದೆ.

ತಂತಿಯ ರೋಧ = 46 ÷ 3.48 = ಸುಮಾರು 13.2 ಓಮ್
ತಂತಿಯಲ್ಲಿ ವ್ಯರ್ಥ = 46 × 3.48 = ಸುಮಾರು 160 ವ್ಯಾಟ್

ಮೀಟರ್ ಮಾತ್ರ 640 + 160 = 800 ವ್ಯಾಟನ್ನೂ ಎಣಿಸುತ್ತದೆ. 1000 ವ್ಯಾಟ್ ಒಂದು ಗಂಟೆ ಬಳಸಿದರೆ ಒಂದು ಯೂನಿಟ್. ಇಲ್ಲಿ ನೀರಿಗೆ ಒಂದು ಯೂನಿಟ್ ಶಾಖ ಸಿಗಬೇಕಾದರೆ ಮೀಟರ್‌ನಲ್ಲಿ ಒಂದೂಕಾಲು ಯೂನಿಟ್ ಓಡುತ್ತದೆ.

ವ್ಯರ್ಥವಾದ ಶಕ್ತಿ ಶಾಖವಾಗುತ್ತದೆ. ತಂತಿಯ ಉದ್ದಕ್ಕೂ ಹರಡಿದರೆ ಅದು ನಮಗೆ ತಿಳಿಯುವುದೇ ಇಲ್ಲ. ಆದರೆ ಸಡಿಲವಾದ ಜೋಡಣೆಯಲ್ಲಿ ರೋಧ ಹೆಚ್ಚಿ, ಶಾಖ ಒಂದೇ ಕಡೆ ಸೇರಿದರೆ ತಂತಿಯ ಹೊದಿಕೆ ಕರಗಿ ಬೆಂಕಿ ಹತ್ತಬಹುದು. ಪಕ್ಕದಲ್ಲಿ ಮೇವಿನ ಬಣವೆ ಅಥವಾ ಕಬ್ಬಿನ ಒಣ ರವದಿ ಇದ್ದರೆ ಅಪಾಯ ಇನ್ನೂ ಹೆಚ್ಚು.

ಪರಿಹಾರವೇನು? ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಎರಡು ಪಟ್ಟಾದರೆ ರೋಧ ಅರ್ಧವಾಗುತ್ತದೆ. ಉದ್ದ ಎರಡು ಪಟ್ಟಾದರೆ ರೋಧವೂ ಎರಡು ಪಟ್ಟು. ಆದ್ದರಿಂದ ದೂರದ ಮನೆಗೆ ದಪ್ಪ ತಂತಿ ಬೇಕು, ಜೋಡಣೆ ಬಿಗಿಯಾಗಿರಬೇಕು. ಈ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್ನರೇ ಮಾಡಬೇಕು.

ನೆನಪಿಡಿ: ಪಂಪ್‌ಸೆಟ್ ಮೋಟಾರಿಗೆ ಈ ಲೆಕ್ಕ ಹೀಗೆಯೇ ಹೊಂದುವುದಿಲ್ಲ. ವೋಲ್ಟ್ ಇಳಿದಾಗ ಮೋಟಾರ್ ಸಾಮಾನ್ಯವಾಗಿ ಹೆಚ್ಚು ಪ್ರವಾಹ ಎಳೆದು ಬಿಸಿಯಾಗುತ್ತದೆ. ಅದರ ಸುರುಳಿ ಸುಡಬಹುದು.

ನೀವೇ ಮಾಡಿ: ಎರಡು ಶುಷ್ಕಕೋಶಗಳ ಟಾರ್ಚಿನಲ್ಲಿ 3 ವೋಲ್ಟ್ ಇದೆ, ಬಲ್ಬಿನಲ್ಲಿ 0.3 ಆಂಪೇರ್ ಹರಿಯುತ್ತದೆ. ಉರಿಯುತ್ತಿರುವ ಬಲ್ಬಿನ ರೋಧವೆಷ್ಟು? ಸಾಮರ್ಥ್ಯವೆಷ್ಟು?

ಎಚ್ಚರಿಕೆ: ಪ್ರಯೋಗಗಳನ್ನು ಶುಷ್ಕಕೋಶಗಳಿಂದ ಮಾತ್ರ ಮಾಡಿ. ಮನೆಯ ವಿದ್ಯುತ್ ತಂತಿಯನ್ನು ಎಂದಿಗೂ ಮುಟ್ಟಬೇಡಿ. ಕಾಯಿಲ್ ಹಾಕಿದ ನೀರಿಗೆ ಸ್ವಿಚ್ ಆರಿಸಿ ಪ್ಲಗ್ ತೆಗೆಯುವವರೆಗೂ ಕೈ ಹಾಕಬೇಡಿ.

(ಉತ್ತರ: 10 ಓಮ್, 0.9 ವ್ಯಾಟ್)