ಡರ್ಟ್ ಬೈಕ್ ಹೊರುವ ಗಾಡಿ: ಮೈಲೇಜ್ ಕೇಳುವ ಮೊದಲು ಟೇಪ್ ಹಿಡಿಯಿರಿ

ಶನಿವಾರ ಬೈಕ್ ಹೇರಿಕೊಂಡು ಹೊರಟು, ಟೆಂಟ್ ಹಾಕಿ, ಭಾನುವಾರ ಮಣ್ಣು ಮೆತ್ತಿಕೊಂಡು ಮರಳುವ ಹುಚ್ಚು ಹತ್ತಿದವರು ಮೊದಲು ಕೇಳುವುದು ‘ಲೀಟರಿಗೆ ಎಷ್ಟು ಕೊಡುತ್ತೆ?’ ಅಂತ. ಆ ಪ್ರಶ್ನೆ ಆಮೇಲೆ ಇರಲಿ.

1. ಬೈಕಿಗೆ ನಂಬರ್ ಪ್ಲೇಟ್ ಇದೆಯೇ? ಹೀರೋ ಎಕ್ಸ್‌ಪಲ್ಸ್ ಥರದ್ದಾದರೆ ಟೆಂಟನ್ನು ಹಿಂದೆ ಬಿಗಿದು ಅದನ್ನೇ ಓಡಿಸಿಕೊಂಡು ಹೋಗಿ. ಕವಾಸಾಕಿ ಕೆಎಕ್ಸ್ 250ಯಂಥ ಅಪ್ಪಟ ಮೋಟೋಕ್ರಾಸ್ ಬೈಕುಗಳು ರಿಜಿಸ್ಟರ್ ಆಗುವುದಿಲ್ಲ, ರಸ್ತೆಗಿಳಿಯುವಂತಿಲ್ಲ. ಮುಂದಿನ ಮಾತೆಲ್ಲ ಅವನ್ನು ಇಟ್ಟುಕೊಂಡವರಿಗೆ.

2. ತೂಕ ಮರೆತುಬಿಡಿ, ಉದ್ದ ಅಳೆಯಿರಿ. ಇಂಥ ಬೈಕಿನ ತೂಕ ನೂರು ಕೆ.ಜಿ.ಗಿಂತ ತುಸು ಹೆಚ್ಚು, ಅಷ್ಟೆ. ಯಾವ ಗೂಡ್ಸ್ ಗಾಡಿಗೂ ಅದು ಲೆಕ್ಕಕ್ಕಿಲ್ಲ. ಆದರೆ ಉದ್ದ ಸುಮಾರು ಏಳಡಿ. ಟಾಟಾ ಏಸ್ ಅಥವಾ ಮಾರುತಿ ಸೂಪರ್ ಕ್ಯಾರಿಯ ಹಿಂಬದಿಯೂ ಹೆಚ್ಚುಕಡಿಮೆ ಅಷ್ಟೇ. ಚಕ್ರವನ್ನು ಮೂಲೆಗೆ ತಿರುಗಿಸಿದರೆ ಒಂದು ಬೈಕ್ ಕೂರುತ್ತದೆ. ಎರಡು ಬೈಕಿಗೆ ಮಹೀಂದ್ರ ಬೊಲೆರೊ ಪಿಕಪ್ ಆರಾಮ. ನೋಡಲು ಭರ್ಜರಿಯಾಗಿರುವ ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ಗಳ ಹಿಂಬದಿ ಐದಡಿಯ ಆಸುಪಾಸು. ಡೋರ್ ಇಳಿಸಿ, ಹಿಂದಿನ ಚಕ್ರ ಆಚೆ ಬಿಟ್ಟುಕೊಂಡೇ ಓಡಿಸಬೇಕು. ಸರಕು ಮಿತಿ ಮೀರಿ ಹೊರಚಾಚಿದರೆ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ 20,000 ರೂಪಾಯಿ ದಂಡ. ದುಬಾರಿ ಗಾಡಿ ಕೊಂಡವರಿಗೇ ಈ ಗತಿ ಬರುವುದು ವಿಚಿತ್ರ, ಆದರೂ ನಿಜ.

3. ಈಗ ಮೈಲೇಜಿನ ಲೆಕ್ಕ. ಬೆಂಗಳೂರಿಂದ ಸಕಲೇಶಪುರಕ್ಕೆ ಹೋಗಿಬರಲು ಸುಮಾರು 450 ಕಿ.ಮೀ. ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಗೂ 18 ಕೊಡುವ ಗಾಡಿಗೂ ಹನ್ನೆರಡೂವರೆ ಲೀಟರ್ ವ್ಯತ್ಯಾಸ. ಲೀಟರಿಗೆ 90 ರೂಪಾಯಿ ಹಿಡಿದರೆ ಟ್ರಿಪ್ಪಿಗೆ 1,125. ತಿಂಗಳಿಗೊಂದು ಟ್ರಿಪ್ ಅಂದರೆ ವರ್ಷಕ್ಕೆ 13,500. ಇತ್ತ 2022ರ ದರಪಟ್ಟಿಯಲ್ಲಿ ಬಾಡಿಗೆಗೆ ಓಡುವ ಸಣ್ಣ ಗೂಡ್ಸ್ ಗಾಡಿಯ ಥರ್ಡ್ ಪಾರ್ಟಿ ವಿಮೆಯೇ 16,049 ರೂಪಾಯಿ. 1,000ದಿಂದ 1,500 ಸಿಸಿಯ ಸ್ವಂತ ಕಾರಿಗೆ 3,416. ಗಾಡಿ ಮನೆಮುಂದೆ ನಿಂತಿದ್ದರೂ ಈ ದುಡ್ಡು ಹೋಗುತ್ತಲೇ ಇರುತ್ತದೆ. ಶೋರೂಮಿನಲ್ಲಿ ಮೈಲೇಜಿನಷ್ಟೇ ಜೋರಾಗಿ ವಿಮೆಯನ್ನೂ ವಿಚಾರಿಸಿ.

4. ವರ್ಷಕ್ಕೆ ನಾಲ್ಕೈದು ಸಲ ಹೋಗುವವರು ಗಾಡಿ ಕೊಳ್ಳಲೇಬೇಡಿ. ಬೀದಿ ಕೊನೆಯ ಸ್ಟ್ಯಾಂಡಿನಲ್ಲಿ ಛೋಟಾ ಹಾಥಿ, ಅಂದರೆ ಟಾಟಾ ಏಸ್, ಬಾಡಿಗೆಗೆ ಸಿಗುತ್ತದೆ. ಬೈಕ್ ಅದರಲ್ಲಿ, ನೀವು ನಿಮ್ಮ ಕಾರಿನಲ್ಲಿ. ಡಕಾರ್ ರ‍್ಯಾಲಿಗೆ 2015ರಲ್ಲಿ ಇಳಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೋಲಾರದ ಕಡೆ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್‌ನಂಥ ಕಡೆ ಕಲಿಯುವವರಿಗೆ ಅಲ್ಲೇ ಬೈಕ್ ಕೊಡುತ್ತಾರೆ, ಹೊತ್ತೊಯ್ಯುವ ಗೋಜೇ ಇಲ್ಲ.

5. ಹೆಂಡತಿ, ಮಕ್ಕಳು ಬರುತ್ತಾರೆಯೇ? ಏಸ್‌ನಲ್ಲಿ ಡ್ರೈವರ್ ಜೊತೆ ಒಬ್ಬರಿಗಷ್ಟೇ ಜಾಗ. ಹಿಂದೆ ಬೈಕ್ ಪಕ್ಕ ಯಾರನ್ನೂ ಕೂರಿಸಬೇಡಿ. ಅದು ಕಾನೂನಿಗೂ ವಿರುದ್ಧ, ಸೊಂಟಕ್ಕೂ.

6. ಲೈಸೆನ್ಸ್ ಚಿಂತೆ ಬೇಡ. 7,500 ಕೆ.ಜಿ.ವರೆಗಿನ ಸಾಗಣೆ ವಾಹನಕ್ಕೆ ಎಲ್‌ಎಂವಿ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಸರಕು ಸೇರಿ ಒಟ್ಟು ತೂಕ 3,000 ಕೆ.ಜಿ. ಮೀರದಿದ್ದರೆ ಪರ್ಮಿಟ್ಟೂ ಬೇಡ.

7. ಬೈಕ್ ಇಳಿಸಿದ ಮೇಲೆ ಹಿಂಬದಿಯೇ ಮಂಚ. ಏಳಡಿ ಉದ್ದ, ಮೇಲೊಂದು ಟಾರ್ಪಾಲ್. ಮಲೆನಾಡಿನ ಜಿಗಣೆಗಳ ಕಾಟವೂ ಕಡಿಮೆ. ಪೆಟ್ರೋಲ್ ಕ್ಯಾನ್ ಮಾತ್ರ ದೂರ ಇಡಿ. ಸುತ್ತ ಮುಚ್ಚಿದ ಜಾಗದಲ್ಲಿ ಅದರ ಆವಿ ಅಪಾಯ.

8. ರ‍್ಯಾಂಪ್ ಉದ್ದವಿದ್ದಷ್ಟೂ ಒಳ್ಳೆಯದು. ಇಲ್ಲದಿದ್ದರೆ ಗಾಡಿಯ ಹಿಂಬದಿಯನ್ನು ದಿಬ್ಬಕ್ಕೆ ಕೊಟ್ಟು ನಿಲ್ಲಿಸಿ, ಹಲಗೆಯ ಏರು ಸಾಕಷ್ಟು ಇಳಿಯುತ್ತದೆ. ಮುಂದೆ ಎರಡು ಬೆಲ್ಟ್ ಎಳೆದು ಕಟ್ಟಿ, ಆದರೆ ಫೋರ್ಕ್ ಪೂರ್ತಿ ಕುಸಿಯುವಷ್ಟು ಬಿಗಿದರೆ ಆಯಿಲ್ ಸೀಲ್ ಹೋಗಬಹುದು. ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಮರದ ತುಂಡು ಇಡಿ.

9. ಹಳೇ ಪಿಕಪ್ ಕೊಳ್ಳುವುದಾದರೆ ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಂಬುದು ನೆನಪಿರಲಿ. ಮರಳು, ಗೊಬ್ಬರ ಹೊತ್ತ ಗಾಡಿಯ ತಳ ಮೊದಲು ತುಕ್ಕು ಹಿಡಿಯುತ್ತದೆ, ಮ್ಯಾಟ್ ಎತ್ತಿಸಿ ನೋಡಿ. ಆರ್‌ಸಿಯಲ್ಲಿ ಸಾಲದ ನಮೂದು ಇನ್ನೂ ಇದ್ದರೆ ಅದನ್ನು ತೆಗೆಸುವವರೆಗೆ ಮುಂಗಡ ಕೊಡಬೇಡಿ.